ಅಕ್ಕನ ಗದ್ದದ ಗಾಯ, ನನ್ನ ನೆನಪು

ಕಳೆದ ತಿಂಗಳ ಅಂಕಣದಲ್ಲಿ ಮಾತಿನ ಮಧ್ಯೆ ಸುಮ್ನೆ ಒಂದು ಸಾಲು ಬರೆದಿದ್ದೆ: ‘ನನಗೆ ನೆನಪಿರುವ ಮೊಟ್ಟಮೊದಲ ಸಂಗತಿ ಒಂದು ನೀಲಿ ಪರದೆ.’ ಅಂಕಣದ ಉಳಿದ ಭಾಗವನ್ನು ಯಾರು ಓದಿದರೋ ಗೊತ್ತಿಲ್ಲ. ಬಂದ ಪತ್ರಗಳೆಲ್ಲ ಆ ಪರದೆಯನ್ನೇ ಹಿಡಿದುಕೊಂಡಿವೆ. ಹಾಗಾಗಿ ಮಕ್ಕಳ ಹಠ, ಪರೀಕ್ಷೆಯ ಭಯ ಎಲ್ಲ ಮುಂದಿನ ಸಲಕ್ಕೆ. ಈ ಸಲ ಪೂರ್ತಿ ಜಾಗ ‘ಎಲ್ಲಿಂದ ನೆನಪಿದೆ?’ ಅನ್ನುವುದಕ್ಕೇ. ಕಾಲೇಜಿನಲ್ಲಿ 31 ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವಳು ನಾನು. ಈ ವಿಷಯ ಬಂದ ದಿನ ಮಾತ್ರ ಹಿಂದಿನ ಬೆಂಚಿನವರೂ ನಿದ್ದೆ ಮಾಡುತ್ತಿರಲಿಲ್ಲ.

ಪ್ರಶ್ನೆ: ಮೇಡಂ, ನಾನು ತೊಟ್ಟಿಲಲ್ಲಿ ಮಲಗಿದ್ದೇನೆ, ಮೇಲೆ ಕೆಂಪು ಗಿಲಕಿ ತೂಗುತ್ತಿದೆ, ಯಾರೋ ಬಗ್ಗಿ ನೋಡುತ್ತಿದ್ದಾರೆ. ಇದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ನನಗೆ ಒಂದು ವರ್ಷವೂ ತುಂಬಿರಲಿಲ್ಲ. ಇದನ್ನು ಹೇಳಿದರೆ ಹೆಂಡತಿ, ಮಕ್ಕಳು ನಗುತ್ತಾರೆ. ಮನುಷ್ಯನಿಗೆ ಎಷ್ಟು ಹಿಂದಿನದು ನೆನಪಿರಲು ಸಾಧ್ಯ?

ಉತ್ತರ: ನಗುವವರ ಜೊತೆ ನಾನು ಸೇರುವುದಿಲ್ಲ. ಹಾಗಂತ ನಿಮ್ಮ ಪರವಾಗಿ ವಕಾಲತ್ತು ವಹಿಸುವುದೂ ಕಷ್ಟ.

ಇಂಥ ನೆನಪು ನಿಮಗೊಬ್ಬರಿಗೇ ಇರುವುದಲ್ಲ. 6,641 ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಫೋಟೊ ನೋಡಿ ಅಥವಾ ಮನೆಯವರಿಂದ ಕೇಳಿ ತಿಳಿದದ್ದು ಬೇಡ, ನಿಮಗೇ ನೆನಪಿರುವುದನ್ನು ಮಾತ್ರ ಹೇಳಿ ಅಂತ ಮೊದಲೇ ಷರತ್ತು ಹಾಕಿದ್ದರು. ಆದರೂ ಶೇ 38.6ರಷ್ಟು ಜನ ಎರಡು ವರ್ಷ ಅಥವಾ ಅದಕ್ಕೂ ಮುಂಚಿನದು ನೆನಪಿದೆ ಅಂದರು. ಅವರಲ್ಲಿ 893 ಮಂದಿ ಒಂದು ವರ್ಷದ ಅಥವಾ ಅದಕ್ಕೂ ಹಿಂದಿನ ನೆನಪು ಹೇಳಿದರು. ಸಂಶೋಧಕರು ಇದನ್ನು ಒಪ್ಪಲಿಲ್ಲ. ತೊಟ್ಟಿಲು, ತಳ್ಳುಗಾಡಿ ಇಂಥ ತುಣುಕುಗಳಿಗೆ, ಮನೆಯಲ್ಲಿ ಕೇಳಿದ ಮಾತುಗಳಿಗೆ ಮನಸ್ಸು ಮೆಲ್ಲಗೆ ಹೊಲಿಗೆ ಹಾಕುತ್ತದೆ, ಕೊನೆಗೆ ಅದು ನೆನಪಿನ ಹಾಗೇ ಕಾಣುತ್ತದೆ ಅನ್ನುವುದು ಅವರ ಅಭಿಪ್ರಾಯ. ಇವರೆಲ್ಲ ಸುಳ್ಳು ಹೇಳಿದರು ಅಂತ ಅದರ ಅರ್ಥ ಅಲ್ಲ. ಹೇಳಿದವರಿಗೆ ಅದು ನಿಜವೇ.

ದೊಡ್ಡವರನ್ನು ಕೇಳಿದರೆ ಮೊದಲ ನೆನಪಿನ ವಯಸ್ಸು ಸರಾಸರಿ ಮೂರರಿಂದ ಮೂರೂವರೆ ವರ್ಷ. ಇದು ಹಳೆಯ ಲೆಕ್ಕ. ಫ್ರಾನ್ಸಿನಲ್ಲಿ ವಿಕ್ಟರ್ ಮತ್ತು ಕ್ಯಾಥರೀನ್ ಆನ್ರಿ ದಂಪತಿ 1890ರ ದಶಕದಲ್ಲೇ ಪ್ರಶ್ನಾವಳಿ ಹಂಚಿ ಇದನ್ನು ಕೇಳಿದ್ದರು. ಅವರಿಗೆ ಸಿಕ್ಕಿದ್ದೂ ಸುಮಾರು ಮೂರು ವರ್ಷ. ಆಮೇಲೆ ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಬಂದು ಇದನ್ನು ‘ಶೈಶವದ ಮರೆವು’ ಅಂತ ಕರೆದ. ಹೆಸರು ನಿಂತಿತು, ಅವನು ಕೊಟ್ಟ ಕಾರಣ ನಿಲ್ಲಲಿಲ್ಲ. ಮಕ್ಕಳು ತಮ್ಮ ಕಾಮನೆಗಳನ್ನು ಅದುಮಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ ಅಂದಿದ್ದ. ಮಗು ಗೋಡೆಗೆ ಚೆಂಡು ಒದ್ದದ್ದನ್ನೂ ಮರೆಯುತ್ತದಲ್ಲ, ಅದನ್ನು ಯಾಕೆ ಅದುಮಿಡಬೇಕು ಅಂತ ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಫ್ರಾಯ್ಡ್ ಇದ್ದಿದ್ದರೆ ಏನೋ ಒಂದು ಉತ್ತರ ಕೊಡುತ್ತಿದ್ದ, ನನಗೆ ಹೊಳೆಯಲಿಲ್ಲ.

ಈ ಮೂರು ಮೂರೂವರೆಯ ಲೆಕ್ಕವೂ ಸ್ವಲ್ಪ ಅಲುಗಾಡುತ್ತಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೆರೋಲ್ ಪೀಟರ್ಸನ್ ಎಂಬ ಸಂಶೋಧಕಿ ಜನರು ಹೇಳಿದ ವಯಸ್ಸನ್ನು ಅವರ ತಂದೆತಾಯಿ ಹೇಳಿದ್ದರ ಜೊತೆ ಹೋಲಿಸಿ ನೋಡಿದರು. ತೀರಾ ಹಳೆಯ ನೆನಪಿಗೆ ನಾವು ಜಾಸ್ತಿ ವಯಸ್ಸು ಹಾಕುತ್ತೇವೆ ಅಂತ ಗೊತ್ತಾಯಿತು. ಮೂರೂವರೆ ಅಂದುಕೊಂಡದ್ದು ನಿಜವಾಗಿ ಎರಡೂವರೆಯದ್ದು ಇರಬಹುದು. ಹಾಗಾಗಿ ಅವರು 2021ರಲ್ಲಿ ಸರಾಸರಿಯನ್ನು ಎರಡೂವರೆಗೆ ಇಳಿಸಿದರು. ಎರಡೂವರೆ, ಸರಿ. ಆದರೆ ನೀವು ಹೇಳುವ ಹಾಗೆ ಒಂದು ವರ್ಷವೂ ತುಂಬದಾಗಿನದು? ಅಲ್ಲಿಗೆ ಯಾವ ಲೆಕ್ಕವೂ ಹೋಗುವುದಿಲ್ಲ.

ಈಗ ನಿಮ್ಮ ಗಿಲಕಿಗೆ ಬರೋಣ. ಆ ಪುಟ್ಟ ವಯಸ್ಸಿನಲ್ಲಿ ನಿಮಗೆ ಗಿಲಕಿ ನೆನಪಿತ್ತು! ಅದು ಈವರೆಗೆ ಉಳಿದುಬಂದಿದೆಯೇ ಅನ್ನುವುದಷ್ಟೇ ಅನುಮಾನ. ಕ್ಯಾರೋಲಿನ್ ರೋವಿ-ಕೊಲಿಯರ್ ಎಂಬ ಅಮೆರಿಕದ ವಿಜ್ಞಾನಿ ಮಾಡಿದ ಪ್ರಯೋಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ತೊಟ್ಟಿಲ ಮೇಲೆ ತೂಗುವ ಆಟಿಕೆ. ಅದರಿಂದ ಒಂದು ರಿಬ್ಬನ್ ಇಳಿಬಿಟ್ಟು ಮಗುವಿನ ಕಾಲಿಗೆ ಕಟ್ಟುವುದು. ಮಗು ಕಾಲು ಒದರಿದರೆ ಆಟಿಕೆ ಕುಣಿಯುತ್ತದೆ. ಎರಡು ಮೂರು ತಿಂಗಳ ಕೂಸಿಗೂ ಈ ಗುಟ್ಟು ಬೇಗ ಹೊಳೆಯುತ್ತದೆ. ಕೆಲವು ದಿನ ಬಿಟ್ಟು ಅದೇ ಆಟಿಕೆಯ ಕೆಳಗೆ ಮಲಗಿಸಿದರೆ, ನೆನಪಿರುವ ಮಗು ತಕ್ಷಣ ಒದೆಯಲು ಶುರುಮಾಡುತ್ತದೆ. ಮೂರು ತಿಂಗಳಿನ ಮಗುವಿಗೆ ಅದು ಸುಮಾರು ಒಂದು ವಾರ ನೆನಪಿರುತ್ತದೆ, ಆರು ತಿಂಗಳಿನದಕ್ಕೆ ಎರಡು ವಾರ. ಸ್ವಲ್ಪ ದೊಡ್ಡ ಮಕ್ಕಳಿಗೆ ಹಿಡಿ ಒತ್ತಿದರೆ ಓಡುವ ಆಟದ ರೈಲು ಕೊಟ್ಟು ನೋಡಿದರು. ಒಂದೂವರೆ ವರ್ಷದ ಮಗುವಿಗೆ ಅದು ಹದಿಮೂರು ವಾರದವರೆಗೂ ನೆನಪಿತ್ತು. ಅಂದರೆ ಕೂಸುಗಳ ತಲೆ ಖಾಲಿ ಹಲಗೆಯಲ್ಲ. ಬರೆಯುತ್ತದೆ. ಬೇಗ ಅಳಿಸಿಹೋಗುತ್ತದೆ.

ನನ್ನ ನೀಲಿ ಪರದೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಬಾಗಿಲಿಗೆ ನೀಲಿ ಪರದೆ. ನಾನು ತಣ್ಣನೆಯ ನೆಲದ ಮೇಲೆ ಕೂತಿದ್ದೇನೆ. ಬಿಸಿಲು ಪರದೆಯ ಮೂಲಕ ಬಂದು ನನ್ನ ಕಾಲು ನೀಲಿಯಾಗಿದೆ. ಹೊಸ ಬಣ್ಣದ ವಾಸನೆ. ಇಷ್ಟೇ. ಆಗ ನನಗೆ ಒಂದೂವರೆ ವರ್ಷ ಅಂತ ಬಹಳ ಕಾಲ ಹೇಳಿಕೊಂಡು ತಿರುಗಿದೆ. ಯಾಕೆ ಒಂದೂವರೆ ಅಂದರೆ, ಕಾಲು ಅಷ್ಟು ಚಿಕ್ಕದಾಗಿ ಕಾಣುತ್ತಿತ್ತು, ಅದಕ್ಕೆ! ಒಂದು ದಿನ ಅಪ್ಪನ ಹಳೆಯ ಕಾಗದಗಳ ನಡುವೆ ಆ ಮನೆಯ ಬಾಡಿಗೆ ಪತ್ರ ಸಿಕ್ಕಿತು. ಅದರ ತಾರೀಕಿನಿಂದ ಲೆಕ್ಕ ಹಾಕಿದರೆ, ನಾವು ಆ ಮನೆಗೆ ಹೋದಾಗ ನನಗೆ 3 ವರ್ಷ 2 ತಿಂಗಳು. ಬಣ್ಣ ಬಳಿಸಿದ್ದೂ ಆಗಲೇ. ಪೀಟರ್ಸನ್ ಹೇಳಿದ್ದಕ್ಕೆ ನನ್ನದು ಪೂರ್ತಿ ಉಲ್ಟಾ. ಸಂಶೋಧನೆಯ ಸರಾಸರಿಗೂ ನಮ್ಮ ಮನೆಯ ಕಪಾಟಿಗೂ ಯಾವಾಗಲೂ ತಾಳೆಯಾಗಬೇಕು ಅಂತೇನಿಲ್ಲವಲ್ಲ.

ಅದಕ್ಕೇ ಹೇಳುವುದು, ವಯಸ್ಸನ್ನು ನೆನಪಿನೊಳಗೆ ಹುಡುಕಬೇಡಿ, ಹೊರಗೆ ಹುಡುಕಿ. ಆ ಕೋಣೆ ಯಾವ ಮನೆಯದು, ಆ ಮನೆಯಲ್ಲಿ ಯಾವಾಗ ಇದ್ದಿರಿ, ನಿಮ್ಮ ತಮ್ಮನೋ ತಂಗಿಯೋ ಹುಟ್ಟಿದ್ದು ಅದಕ್ಕೆ ಮುಂಚೆಯೋ ಆಮೇಲೋ. ನಿಮಗೆ ತಮ್ಮ, ತಂಗಿ ಯಾರಾದರೂ ಇದ್ದರೆ ಇನ್ನೊಂದು ಮಾತು ಕೇಳಿನೋಡಿ. ಆ ಕೆಂಪು ಗಿಲಕಿ ಅವರ ತೊಟ್ಟಿಲಿಗೂ ಕಟ್ಟಿತ್ತಾ? ನೀವು ತೊಟ್ಟಿಲ ಒಳಗಿದ್ದಿರೋ, ಪಕ್ಕದಲ್ಲಿ ನಿಂತು ಇಣುಕುತ್ತಿದ್ದಿರೋ?

ಪ್ರಶ್ನೆ: ನಮ್ಮ ಮಗನಿಗೆ ಮೂರು ವರ್ಷ. ಹುಟ್ಟಿದಾಗಿನಿಂದ ಅವನನ್ನು ನೋಡಿಕೊಂಡಿದ್ದು ನಮ್ಮ ಅತ್ತೆ. ಎರಡು ತಿಂಗಳ ಹಿಂದೆ ತೀರಿಕೊಂಡರು. ‘ಅಜ್ಜಿ ಎಲ್ಲಿ’ ಅಂತ ಇವನು ದಿನಾ ಕೇಳುತ್ತಿದ್ದ. ಈಗ ಎರಡು ಮೂರು ದಿನಕ್ಕೊಮ್ಮೆ ಕೇಳುತ್ತಾನೆ. ಅದೇ ನನಗೆ ಜಾಸ್ತಿ ಸಂಕಟ. ದೊಡ್ಡವನಾದ ಮೇಲೆ ಅಜ್ಜಿ ನೆನಪಿರುತ್ತಾರಾ?

ಉತ್ತರ: ಅಮ್ಮಾ, ನೇರವಾಗಿ ಹೇಳಿಬಿಡುತ್ತೇನೆ. ಸುಮ್ಮನೆ ಬಿಟ್ಟರೆ ಬಹಳ ಕಡಿಮೆ ಉಳಿಯುತ್ತದೆ. ಆದರೆ ಸುಮ್ಮನೆ ಬಿಡಬೇಕಾಗಿಲ್ಲ.

ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಒಂದು ನೋಟ್‌ಬುಕ್ ಇಟ್ಟಿದ್ದೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದೆ. ಒಂದು ಮಳೆಯ ರಾತ್ರಿ ಬೆಕ್ಕಿನ ಮರಿಯೊಂದು ಮನೆಯೊಳಗೆ ನುಗ್ಗಿ ಅವರಪ್ಪನ ಶೂ ಒಳಗೆ ಮಲಗಿಬಿಟ್ಟಿತ್ತು. ಬೆಳಿಗ್ಗೆ ಶೂ ಒಳಗಿಂದ ಸೀನಿತು. ಅವತ್ತಿನ ಪುಟದಲ್ಲಿ ಹೀಗಿದೆ: ‘ಅಪ್ಪನ ಶೂ ಸೀನಿತು. ಶೂಗೆ ಶೀತ. ಶೂಗೆ ಮೀಸೆ ಬಂತು.’ ಐದು ವರ್ಷದಲ್ಲಿ ಕೇಳಿದೆ. ಇಡೀ ಕಥೆ ಹೇಳಿದಳು, ಮರಿಯ ಒಂದು ಕಿವಿ ಕಪ್ಪಗಿತ್ತು ಅಂತಲೂ ಸೇರಿಸಿದಳು, ಅದು ನಿಜ. ಒಂಬತ್ತು ವರ್ಷದಲ್ಲಿ ಮತ್ತೆ ಕೇಳಿದೆ. ‘ನಮ್ಮನೇಲಿ ಬೆಕ್ಕಿತ್ತಾ?’ ಅಂದಳು. ನೋಟ್‌ಬುಕ್ ತೋರಿಸಿದರೆ ಯಾರೋ ಬೇರೆ ಮಗುವಿನ ಕಥೆ ಓದಿದ ಹಾಗೆ ನಕ್ಕಳು.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾವರ್ ಇದನ್ನೇ ಕ್ರಮವಾಗಿ ಮಾಡಿ ನೋಡಿದ್ದಾರೆ. ಮೂರು ವರ್ಷದ ಮಕ್ಕಳು ತಾಯಿಯ ಜೊತೆ ಆಗಿಹೋದ ಸಂಗತಿಗಳ ಬಗ್ಗೆ ಆಡಿದ ಮಾತನ್ನು ರೆಕಾರ್ಡ್ ಮಾಡಿಕೊಂಡರು. ವರ್ಷಗಳ ನಂತರ ಅದೇ ಸಂಗತಿಗಳನ್ನು ಕೇಳಿದರು. ಐದರಿಂದ ಏಳು ವರ್ಷದವರು ಶೇ 63ರಿಂದ 72ರಷ್ಟನ್ನು ನೆನಪಿಟ್ಟುಕೊಂಡಿದ್ದರು. ಎಂಟು, ಒಂಬತ್ತು ವರ್ಷದವರಲ್ಲಿ ಅದು ಸುಮಾರು ಶೇ 35ಕ್ಕೆ ಬಿದ್ದಿತ್ತು. ಮರೆವು ನಾವೆಲ್ಲ ಅಂದುಕೊಂಡ ಹಾಗೆ ಶೈಶವದಲ್ಲೇ ಮುಗಿದುಹೋಗಿರುವುದಿಲ್ಲ. ಮಗು ಶಾಲೆಗೆ ಹೋಗಿಬರುತ್ತಿರುವಾಗಲೇ ನಡೆಯುತ್ತಿರುತ್ತದೆ. ನಿಮಗೆ ಸಮಯವಿದೆ ಅನ್ನುವುದು ಅದಕ್ಕೇ.

ಏನು ಮಾಡಬೇಕು? ಮಾತಾಡಬೇಕು. ಮಾತಾಡುವ ರೀತಿಯೂ ಮುಖ್ಯ. ‘ಅಜ್ಜಿ ಹೆಸರೇನು? ಅಜ್ಜಿ ಸೀರೆ ಯಾವ ಬಣ್ಣ?’ ಅಂತ ಪರೀಕ್ಷೆ ಮಾಡಬೇಡಿ. ‘ಅಜ್ಜಿ ನಿನ್ನನ್ನು ಎತ್ತಿಕೊಂಡು ಕಿಟಕಿ ಹತ್ತಿರ ನಿಲ್ಲುತ್ತಿದ್ದರಲ್ಲ, ಆಗ ನೀವಿಬ್ಬರೂ ಏನು ನೋಡುತ್ತಿದ್ದಿರಿ?’ ಅಂತ ಕೇಳಿ. ಅವನು ‘ನಾಯಿ’ ಅಂದರೆ, ‘ಹೌದು, ನಾಯಿ. ಅದು ಏನು ಮಾಡ್ತಿತ್ತು?’ ಅಂತ ಮುಂದುವರಿಸಿ. ಹೀಗೆ ಮಗು ಹೇಳಿದ್ದನ್ನು ಹಿಡಿದು ಬೆಳೆಸುತ್ತ ಹೋಗುವ ತಾಯಂದಿರ ಮಕ್ಕಳಿಗೆ ದೊಡ್ಡವರಾದಾಗ ಇನ್ನೂ ಹಿಂದಿನದು ನೆನಪಿರುತ್ತದೆ ಅಂತ ನ್ಯೂಜಿಲೆಂಡಿನಲ್ಲಿ ಎಲೇನ್ ರೀಸ್ ತಂಡ ತೋರಿಸಿದೆ. ಅದೇ ದೇಶದ ಇನ್ನೊಂದು ಅಧ್ಯಯನ 2000ದಲ್ಲಿ ಬಂತು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮೊದಲ ನೆನಪಿನ ಸರಾಸರಿ 32.6 ತಿಂಗಳು, ಅಲ್ಲೇ ಇರುವ ಯುರೋಪ್ ಮೂಲದವರದು 42.9 ತಿಂಗಳು. ಮಾವೋರಿ ಮನೆಗಳಲ್ಲಿ ಹಿಂದಿನವರ ಮಾತು ಸದಾ ನಡೆಯುತ್ತದೆ. ಮಿದುಳು ಎಲ್ಲರದೂ ಒಂದೇ, ಮನೆಯ ಮಾತು ಬೇರೆ.

ಅವನು ಈಗ ಹೇಳುವುದನ್ನು ತಾರೀಕು ಹಾಕಿ ಬರೆದಿಡಿ. ಅವನದೇ ಮಾತಿನಲ್ಲಿ, ತಪ್ಪು ತಿದ್ದದೆ. ನನ್ನ ಮಗಳಿಗೆ ಬೆಕ್ಕು ನೆನಪಿಲ್ಲ, ಆದರೆ ‘ಶೂಗೆ ಶೀತ’ ಅನ್ನುವುದು ಈಗ ನಮ್ಮ ಮನೆಯ ಗಾದೆ.

ಇನ್ನು ಅವನು ಕೇಳುವುದು ಕಡಿಮೆಯಾಯಿತು ಅಂತ ಸಂಕಟ ಪಡಬೇಡಿ. ಮೂರು ವರ್ಷ ಒಬ್ಬರ ತೋಳಿನಲ್ಲಿ ನೆಮ್ಮದಿಯಾಗಿ ಬೆಳೆದ ಮಗು ಆ ನೆಮ್ಮದಿಯನ್ನು ಬಿಟ್ಟು ಹೋಗುವುದಿಲ್ಲ. ಮುಖ ಮರೆತರೂ ಅದು ಅವನ ಸ್ವಭಾವದಲ್ಲಿ ಇರುತ್ತದೆ. ನಡೆಯಲು ಕಲಿತ ದಿನ ಯಾರಿಗೂ ನೆನಪಿಲ್ಲ, ಎಲ್ಲರೂ ನಡೆಯುತ್ತೇವೆ.

ಪ್ರಶ್ನೆ: ನನಗೂ ನನ್ನ ತಮ್ಮನಿಗೂ ಒಂದೇ ನೆನಪು. ರೈಲಿನ ಕಿಟಕಿಯಿಂದ ಟೋಪಿ ಹಾರಿಹೋದದ್ದು. ಟೋಪಿ ನನ್ನದು ಅಂತ ನಾನು, ತನ್ನದು ಅಂತ ಅವನು. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ನಮ್ಮಿಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಉತ್ತರ: ಯಾರೂ ಅಲ್ಲ. ಟೋಪಿ ಮಾತ್ರ ಒಬ್ಬರದೇ.

ನನಗೆ ನಾನು ಉಯ್ಯಾಲೆಯಿಂದ ಬಿದ್ದದ್ದು ಬಹಳ ಸ್ಪಷ್ಟವಾಗಿ ನೆನಪಿತ್ತು. ಸರಪಳಿ ಕಿರ್ ಅಂದದ್ದು, ನೆಲ ಮೇಲೆ ಬಂದ ಹಾಗಾದದ್ದು, ಗದ್ದ ಒಡೆದು ಫ್ರಾಕಿನ ಮೇಲೆ ರಕ್ತ, ಡಾಕ್ಟರ ಕೋಣೆಯ ಸ್ಪಿರಿಟ್ ವಾಸನೆ, ಮೂರು ಹೊಲಿಗೆ. ನಲವತ್ತು ದಾಟಿದ ಮೇಲೆ ಒಮ್ಮೆ ಎಲ್ಲರೂ ಸೇರಿದ್ದಾಗ ಇದನ್ನು ಅಭಿನಯ ಸಮೇತ ಹೇಳುತ್ತಿದ್ದೆ. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಎದುರಿಗೇ ಕೂತಿದ್ದಳು. ಏನೂ ಮಾತಾಡಲಿಲ್ಲ. ಸುಮ್ಮನೆ ಮುಖ ಎತ್ತಿ ಗದ್ದ ತೋರಿಸಿದಳು. ಅಲ್ಲಿ ಬಿಳಿ ಗೆರೆ. ನಾನು ಎದ್ದು ಹೋಗಿ ಕನ್ನಡಿಯಲ್ಲಿ ನನ್ನ ಗದ್ದ ನೋಡಿಕೊಂಡೆ. ಅಷ್ಟು ವರ್ಷ ದಿನಾ ಮುಖ ತೊಳೆದಿದ್ದೇನೆ, ಒಮ್ಮೆಯೂ ಅಲ್ಲಿ ಗಾಯ ಹುಡುಕಿರಲಿಲ್ಲ! ಅಕ್ಕ ಬಿದ್ದಾಗ ನನಗೆ ಎರಡೂ ತುಂಬಿರಲಿಲ್ಲವಂತೆ. ಆ ಉಯ್ಯಾಲೆಗೆ ನನ್ನನ್ನು ಹತ್ತಿಸಿಯೇ ಇರಲಿಲ್ಲ.

ಒಟ್ಟಿಗೆ ಬೆಳೆದವರಲ್ಲಿ ಇದು ಸಾಮಾನ್ಯ. ಮರ್ಸಿಡಿಸ್ ಶೀನ್, ಸೈಮನ್ ಕೆಂಪ್, ಡೇವಿಡ್ ರೂಬಿನ್ ಎಂಬ ಮೂವರು 2001ರಲ್ಲಿ ಅವಳಿಗಳ ಮೇಲೆ ಇದೇ ಅಧ್ಯಯನ ಮಾಡಿದರು. ಒಂದೇ ಘಟನೆಯನ್ನು ‘ಅದು ಆದದ್ದು ನನಗೆ’ ಅಂತ ಇಬ್ಬರೂ ಹೇಳಿಕೊಳ್ಳುವ ನೆನಪುಗಳು ಬೇಕಾದಷ್ಟು ಸಿಕ್ಕವು. ಅವಳಿಗಳಲ್ಲಿ ಜಾಸ್ತಿ, ಉಳಿದ ಅಣ್ಣತಮ್ಮ ಅಕ್ಕತಂಗಿಯರಲ್ಲಿ ಸ್ವಲ್ಪ ಕಡಿಮೆ, ಅಷ್ಟೇ.

ಮಕ್ಕಳ ಮನಸ್ಸಿನ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಜೀನ್ ಪಿಯಾಜೆ ಕೂಡ ಇದರಲ್ಲಿ ಸಿಕ್ಕಿಬಿದ್ದವನೇ. ಪ್ಯಾರಿಸಿನ ದೊಡ್ಡ ರಸ್ತೆಯಲ್ಲಿ ದಾದಿ ತನ್ನನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುತ್ತಿದ್ದಾಗ ಒಬ್ಬ ತನ್ನನ್ನು ಅಪಹರಿಸಲು ಬಂದದ್ದು, ದಾದಿ ಅಡ್ಡ ನಿಂತದ್ದು, ಅವಳ ಮುಖ ಪರಚಿದ್ದು, ಪೊಲೀಸಿನವನು ಬಂದದ್ದು, ಎಲ್ಲ ಅವನ ಕಣ್ಣ ಮುಂದಿತ್ತು. ಅವನಿಗೆ ಸುಮಾರು ಹದಿನೈದು ವರ್ಷವಾದಾಗ ಆ ದಾದಿಯಿಂದ ತಂದೆತಾಯಿಗೆ ಪತ್ರ ಬಂತು. ಅದೆಲ್ಲ ನಾನು ಕಟ್ಟಿದ ಕಥೆ, ಕ್ಷಮಿಸಿ ಅಂತ. ಆಗ ಬಹುಮಾನವಾಗಿ ಕೊಟ್ಟಿದ್ದ ಗಡಿಯಾರವನ್ನೂ ವಾಪಸ್ ಮಾಡಿದಳು. ಗಡಿಯಾರ ವಾಪಸ್ ಬಂತು, ಚಿತ್ರ ಮಾತ್ರ ಅವನ ತಲೆಯಲ್ಲೇ ಉಳಿಯಿತು.

ಎಲಿಜಬೆತ್ ಲಾಫ್ಟಸ್ ಮತ್ತು ಜ್ಯಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಇದನ್ನು ಬೇಕೆಂದೇ ಮಾಡಿ ತೋರಿಸಿದರು. 24 ಜನರಿಗೆ ಅವರ ಬಾಲ್ಯದ ಕೆಲವು ನಿಜ ಘಟನೆಗಳ ಜೊತೆ ಒಂದು ಕಟ್ಟುಕಥೆ ಸೇರಿಸಿ ಓದಿಸಿದರು: ಐದು ವರ್ಷದವರಿದ್ದಾಗ ನೀವು ದೊಡ್ಡ ಮಳಿಗೆಯಲ್ಲಿ ಕಳೆದುಹೋಗಿದ್ದಿರಿ ಅಂತ. ಸುಮಾರು ಕಾಲು ಭಾಗದಷ್ಟು ಜನ ಪೂರ್ತಿಯೋ ಅರ್ಧಂಬರ್ಧವೋ ಹೌದು, ನೆನಪಿದೆ ಅಂದರು. 2002ರಲ್ಲಿ ಇನ್ನೊಂದು ತಂಡ ಬಾಲ್ಯದ ಫೋಟೊವನ್ನು ತಿದ್ದಿ ಬಿಸಿಗಾಳಿಯ ಬಲೂನಿನಲ್ಲಿ ಕೂರಿಸಿತು. 20 ಜನರಿಗೆ ಆ ಫೋಟೊ ತೋರಿಸಿ ಮೂರು ಸಲ ಮಾತಾಡಿಸಿದರು. ಅರ್ಧದಷ್ಟು ಜನ ಎಂದೂ ಆಗದ ಆ ಹಾರಾಟವನ್ನು ‘ನೆನಪಿಸಿಕೊಂಡರು’. ಆಗ ಫೋಟೊ ತಿದ್ದಲು ಒಬ್ಬ ಪರಿಣತ ಬೇಕಿತ್ತು. ಈಗ ಮೊಬೈಲಿನಲ್ಲಿ ಯಾರು ಬೇಕಾದರೂ ಮಾಡುತ್ತಾರೆ. ಇನ್ನು ಮೂವತ್ತು ವರ್ಷಕ್ಕೆ ಈ ಅಂಕಣ ಬರೆಯುವವರ ಗತಿ ಏನೋ.

ನಿಮ್ಮ ಟೋಪಿಯ ವಿಷಯಕ್ಕೆ ನನ್ನದೊಂದು ಸಲಹೆ. ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ. ಟೋಪಿ ಹಾರಿದಾಗ ತಲೆಗೆ ಏನನ್ನಿಸಿತು, ಅಥವಾ ಇನ್ನೊಬ್ಬನ ತಲೆ ಹೇಗೆ ಕಂಡಿತು, ಅಮ್ಮ ಯಾವ ಕಡೆ ಕೂತಿದ್ದರು. ಹೋಲಿಸಿ ನೋಡಿದರೂ ತೀರ್ಪು ಸಿಗಲಿಕ್ಕಿಲ್ಲ. ಆದರೆ ಅಮ್ಮ ಕೂತಿದ್ದ ಕಡೆ ಇಬ್ಬರದೂ ಒಂದೇ ಬಂದರೆ ನನಗೆ ಒಂದು ಸಾಲು ಬರೆಯಿರಿ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ಮೂರು ವರ್ಷದ ಮುಂಚಿನ ನೆನಪುಗಳು ಅಳಿಸಿಹೋಗುತ್ತವಾ ಅಥವಾ ತಲೆಯೊಳಗೆ ಎಲ್ಲೋ ಇದ್ದು ನಮಗೆ ಸಿಗುವುದಿಲ್ಲವಾ?

ಉತ್ತರ: ಈ ತಿಂಗಳ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಐದು ವರ್ಷದ ಹಿಂದೆ ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ.

ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗವಿದೆ. ಯಾವಾಗ, ಎಲ್ಲಿ, ಏನಾಯಿತು ಅನ್ನುವುದನ್ನು ಒಂದು ಕಟ್ಟಾಗಿ ಕಟ್ಟಿಡುವುದು ಅದರ ಕೆಲಸ. ಕೂಸುಗಳಲ್ಲಿ ಅದು ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ನೆನಪು ದಾಖಲಾಗುವುದೇ ಇಲ್ಲ ಅಂತ ನಾನೂ ಪಾಠ ಮಾಡಿದ್ದೆ. 2025ರಲ್ಲಿ ಯೇಲ್ ವಿಶ್ವವಿದ್ಯಾಲಯದವರು 4ರಿಂದ 25 ತಿಂಗಳಿನ 26 ಮಕ್ಕಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಚಿತ್ರಗಳನ್ನು ತೋರಿಸಿದರು. ಎಚ್ಚರವಿರುವ ಮಗುವನ್ನು ಅಲುಗಾಡದ ಹಾಗೆ ಮಲಗಿಸುವುದು! ಆ ಕಷ್ಟಕ್ಕೇ ಒಂದು ಪ್ರಶಸ್ತಿ ಕೊಡಬೇಕು. ಮೊದಲ ಸಲ ಚಿತ್ರ ನೋಡಿದಾಗ ಹಿಪೊಕ್ಯಾಂಪಸ್ ಚುರುಕಾಗಿದ್ದರೆ, ಆಮೇಲೆ ಅದೇ ಚಿತ್ರ ಹೊಸದೊಂದರ ಪಕ್ಕದಲ್ಲಿ ಬಂದಾಗ ಮಗು ಹಳೆಯದನ್ನೇ ಜಾಸ್ತಿ ಹೊತ್ತು ನೋಡುತ್ತಿತ್ತು. ಒಂದು ವರ್ಷ ದಾಟಿದ ಮಕ್ಕಳಲ್ಲಿ ಇದು ಚೆನ್ನಾಗಿ ಕಂಡಿತು. ಅಂದರೆ ದಾಖಲೆ ಆಗುತ್ತಿದೆ.

ಹಾಗಾದರೆ ಹೋಗುವುದೆಲ್ಲಿಗೆ? ಟೊರಾಂಟೊದ ಶೀನಾ ಜೋಸ್ಲಿನ್ ಮತ್ತು ಪಾಲ್ ಫ್ರಾಂಕ್‌ಲ್ಯಾಂಡ್ ಅವರ ತಂಡ 2014ರಲ್ಲಿ ಒಂದು ದಾರಿ ತೋರಿಸಿತು. ಎಳೆಯ ವಯಸ್ಸಿನಲ್ಲಿ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟುತ್ತಿರುತ್ತವೆ. ಅವು ಹಳೆಯ ಜೋಡಣೆಗಳ ನಡುವೆ ನುಗ್ಗಿ ಹೊಸ ಸಂಪರ್ಕ ಮಾಡಿಕೊಳ್ಳುತ್ತವೆ. ಹಳೆಯ ದಾರಿ ಮುಚ್ಚಿಹೋಗುತ್ತದೆ. ಇಲಿಮರಿಗಳಲ್ಲಿ ಈ ಹುಟ್ಟನ್ನು ನಿಧಾನ ಮಾಡಿದಾಗ ಅವು ಕಲಿತದ್ದನ್ನು ಜಾಸ್ತಿ ದಿನ ನೆನಪಿಟ್ಟುಕೊಂಡವು. ಗಿನಿ ಹಂದಿಯ ಮರಿ ಹುಟ್ಟುವಾಗಲೇ ಬಲಿತಿರುತ್ತದೆ, ಅದರಲ್ಲಿ ಹೊಸ ಕೋಶಗಳ ಗದ್ದಲ ಕಡಿಮೆ. ಅದು ಮರಿಯಾಗಿದ್ದಾಗಿನದನ್ನು ಅಷ್ಟು ಬೇಗ ಮರೆಯುವುದಿಲ್ಲ! 2018ರಲ್ಲಿ ಅದೇ ಟೊರಾಂಟೊದಲ್ಲಿ, ಇಲಿ ಮರಿಯಾಗಿದ್ದಾಗ ಒಂದು ನೆನಪನ್ನು ದಾಖಲಿಸಿದ ಕೋಶಗಳನ್ನೇ ಗುರುತಿಟ್ಟು, ಅದು ಬೆಳೆದ ಮೇಲೆ ಬೆಳಕಿನಿಂದ ಅವನ್ನು ಕೆಣಕಿದರು. ಮರೆತ ನೆನಪು ಮರಳಿತು.

ಇಲಿಗಳ ಮಟ್ಟಿಗೆ ಉತ್ತರ: ಇದೆ, ಸಿಗುತ್ತಿಲ್ಲ. ಮನುಷ್ಯರ ತಲೆಗೆ ಹೀಗೆ ಬೆಳಕು ಬಿಡುವ ಹಾಗಿಲ್ಲ, ಬಿಡುವುದೂ ಬೇಡ.

ನಮ್ಮಲ್ಲಿ ಇನ್ನೊಂದು ತೊಡಕು ಭಾಷೆ. ನ್ಯೂಜಿಲೆಂಡಿನ ಗೇಬ್ರಿಯಲ್ ಸಿಮ್ಕಾಕ್ ಮತ್ತು ಹಾರ್ಲಿನ್ ಹೇನ್ ಎರಡು ಮೂರು ವರ್ಷದ ಮಕ್ಕಳಿಗೆ ಒಂದು ಮಾಯಾ ಪೆಟ್ಟಿಗೆ ತೋರಿಸಿದರು. ಮೇಲಿಂದ ದೊಡ್ಡ ಆಟಿಕೆ ಹಾಕಿ ಹಿಡಿಕೆ ತಿರುಗಿಸಿದರೆ ಕೆಳಗಿನಿಂದ ಅದರದೇ ಪುಟಾಣಿ ರೂಪ ಬರುತ್ತದೆ. ಆರು ತಿಂಗಳು, ವರ್ಷ ಕಳೆದ ಮೇಲೆ ಮಕ್ಕಳು ಪೆಟ್ಟಿಗೆಯ ಕೆಲಸವನ್ನು ಕೈಯಲ್ಲಿ ಮಾಡಿ ತೋರಿಸಿದರು, ಫೋಟೊದಲ್ಲಿ ಆಟಿಕೆ ಗುರುತಿಸಿದರು. ಆದರೆ ಬಾಯಲ್ಲಿ ಹೇಳುವಾಗ, ಪೆಟ್ಟಿಗೆ ನೋಡಿದ ದಿನ ಗೊತ್ತಿಲ್ಲದಿದ್ದ ಒಂದು ಪದವನ್ನೂ ಬಳಸಲಿಲ್ಲ. ಅಷ್ಟರಲ್ಲಿ ಆ ಪದಗಳನ್ನು ಕಲಿತಿದ್ದರೂ! ಮಾತು ಬರುವ ಮುಂಚಿನ ನೆನಪಿಗೆ ಆಮೇಲೆ ಮಾತಿನ ಅಂಗಿ ತೊಡಿಸುವುದು ಅಷ್ಟು ಸುಲಭವಲ್ಲ. ನಿನಗೆ ಈ ವಿಷಯ ಇಷ್ಟವಾದರೆ ಮನಶ್ಶಾಸ್ತ್ರ ತಗೋ. ಅಪ್ಪ ಅಮ್ಮ ಬೇಡ ಅಂದರೆ ನನಗೆ ಇನ್ನೊಂದು ಪತ್ರ ಹಾಕು.

ಪ್ರಶ್ನೆ: ನನಗೆ ಏಳು ವರ್ಷಕ್ಕಿಂತ ಮುಂಚಿನದು ಏನೂ ನೆನಪಿಲ್ಲ. ಏನಾದರೂ ಕೆಟ್ಟದ್ದು ನಡೆದಿರಬೇಕು, ಅದಕ್ಕೇ ಮನಸ್ಸು ಮುಚ್ಚಿಟ್ಟಿದೆ ಅಂತ ಸ್ನೇಹಿತರೊಬ್ಬರು ಹೇಳಿದರು. ನಿದ್ದೆ ಬರುತ್ತಿಲ್ಲ.

ಉತ್ತರ: ಸ್ನೇಹಿತರು ನಿಮ್ಮ ನಿದ್ದೆ ಕೆಡಿಸಿದ್ದು ಬಿಟ್ಟರೆ ಬೇರೇನೂ ಆಗಿಲ್ಲ. ಮೊದಲ ನೆನಪಿನ ವಯಸ್ಸು ಒಬ್ಬರಿಂದ ಒಬ್ಬರಿಗೆ ತುಂಬಾ ಬದಲಾಗುತ್ತದೆ. ಕೆಲವರಿಗೆ ಎರಡು, ಕೆಲವರಿಗೆ ಆರು, ಏಳು. ನೆನಪಿಲ್ಲದಿರುವುದು ಯಾವ ದುರ್ಘಟನೆಗೂ ಸಾಕ್ಷಿಯಲ್ಲ. ‘ಅಗೆದು ತೆಗೆಯುತ್ತೇನೆ’ ಅಂತ ಯಾರಾದರೂ ಬಂದರೆ ದೂರವಿಡಿ. ಅಗೆಯುವವರು ಹುಡುಕುವುದಕ್ಕಿಂತ ಹೂಳುವುದೇ ಜಾಸ್ತಿ. ನಿದ್ದೆ ಹೀಗೇ ಕೆಟ್ಟರೆ ನಿದ್ದೆಗಾಗಿ ಒಬ್ಬ ವೈದ್ಯರನ್ನು ನೋಡಿ, ನೆನಪಿಗಾಗಿ ಅಲ್ಲ.

ಪ್ರಶ್ನೆ: ಹೊಟ್ಟೆಯೊಳಗಿದ್ದದ್ದು ಯಾರಿಗಾದರೂ ನೆನಪಿರುತ್ತದೆಯೇ?

ಉತ್ತರ: ಇಲ್ಲ. ಆದರೆ ಪರಿಚಯ ಇರುತ್ತದೆ. ಕೊನೆಯ ಆರು ವಾರ ತಾಯಂದಿರು ದಿನವೂ ಗಟ್ಟಿಯಾಗಿ ಓದಿದ ಕಥೆಯನ್ನು, ಹುಟ್ಟಿದ ಎರಡು ಮೂರು ದಿನದ ಕೂಸುಗಳು ಬೇರೆ ಕಥೆಗಿಂತ ಜಾಸ್ತಿ ಕೇಳಬಯಸಿದವು ಅಂತ 1986ರ ಒಂದು ಪ್ರಯೋಗ ತೋರಿಸಿತು. ಚೀಪುವ ಲಯವನ್ನು ಬದಲಿಸಿ ಬೇಕಾದ ಕಥೆ ಕೇಳಿಸಿಕೊಳ್ಳುವ ಏರ್ಪಾಡು ಮಾಡಿದ್ದರು.

ಪ್ರಶ್ನೆ: ಆ ನೀಲಿ ಪರದೆಯೇ ನಿಮ್ಮ ಮೊದಲ ನೆನಪಾ? ನಿಜ ಹೇಳಿ.

ಉತ್ತರ: ಹೀಗೆ ಕೇಳುವವರು ಒಬ್ಬರಾದರೂ ಇರುತ್ತಾರೆ ಅಂತ ಗೊತ್ತಿತ್ತು.

ಇನ್ನೊಂದಿದೆ. ಅರ್ಧ ಕತ್ತಲೆಯ ಕೋಣೆ. ಯಾರದೋ ದೊಡ್ಡ ಕೈ ನನ್ನ ಮಣಿಕಟ್ಟು ಹಿಡಿದಿದೆ. ನನ್ನ ಮುಖದ ಎತ್ತರಕ್ಕೆ ಮಂಚ. ಅಮ್ಮ ಹೊದ್ದು ಮಲಗಿದ್ದಾಳೆ, ಹೊದಿಕೆಯಿಂದ ಒಂದು ಕಾಲಿನ ಹೆಬ್ಬೆರಳು ಮಾತ್ರ ಹೊರಗೆ. ಮುಟ್ಟುತ್ತೇನೆ. ಅದು ಅಲುಗುತ್ತದೆ. ತಮ್ಮ ಹುಟ್ಟಿದ ದಿನ ಇರಬೇಕು, ಆದರೆ ನೆನಪಿನಲ್ಲಿ ಮಗುವೇ ಇಲ್ಲ. ಆಗ ನನಗೆ 2 ವರ್ಷ 4 ತಿಂಗಳು. ತಮ್ಮನೋ ತಂಗಿಯೋ ಹುಟ್ಟಿದ ನೆನಪು ಎರಡು ವರ್ಷದ ವಯಸ್ಸಿನಿಂದಲೇ ಉಳಿಯಬಹುದು ಅಂತ 1993ರಲ್ಲಿ ಜೋನೆಲ್ ಅಶರ್ ಮತ್ತು ಉಲ್ರಿಕ್ ನೈಸರ್ ಬರೆದದ್ದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ, ಈ ಹೆಬ್ಬೆರಳಿನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ.

ಅಮ್ಮನಿಗೆ ಈಗ 86. ನೆನಪು ಚುರುಕಾಗಿದೆ, ಕೇಳಿದರೆ ಹೇಳುತ್ತಾಳೆ. ಈ ಅಂಕಣ ಬರೆಯಲು ಕೂತ ಮೇಲೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅವಳ ಮಂಡಿನೋವಿನ ಮಾತಾಡಿ ಇಟ್ಟುಬಿಟ್ಟೆ.